ಮೊಬೈಲ್ ಕ್ಯಾಮೆರಾದಲ್ಲಿ ಯಾದಗಿರಿ, ಶಹಾಪುರ, ಸುರಪುರದ ಹಳೇ ಕಟ್ಟಡಗಳು: ಫೋಟೊ ಹೇಗೆ ತೆಗೀಬೇಕು, ಕಥೆ ಎಲ್ಲಿ ಸಿಗುತ್ತೆ?

ಯಾದಗಿರಿ: ನಮ್ಮ ಜಿಲ್ಲೆಯ ಕೋಟೆ, ಗುಡಿ, ದರ್ಗಾ, ವಾಡೆ, ಹಳೇ ಬಜಾರಿನ ಅಂಗಡಿ ಇವೆಲ್ಲ ದಿನಾ ನಮ್ಮ ಕಣ್ಣಿಗೆ ಬೀಳುತ್ತವೆ. ದಿನಾ ಬೀಳುವುದರಿಂದಲೇ ಅವುಗಳ ಫೋಟೊ ನಮ್ಮ ಹತ್ತಿರ ಇರುವುದಿಲ್ಲ. ಜಾತ್ರೆಯ ಫೋಟೊ ಇರುತ್ತದೆ, ಮದುವೆಯ ಫೋಟೊ ಇರುತ್ತದೆ. ಅಜ್ಜನ ಕಾಲದ ಅಂಗಡಿಯ ಕಟ್ಟಿಗೆ ಬಾಗಿಲಿನ ಫೋಟೊ ಮಾತ್ರ ಇರುವುದಿಲ್ಲ. ರಸ್ತೆ ಅಗಲ ಮಾಡುವಾಗ, ಹೊಸ ಕಾಂಪ್ಲೆಕ್ಸ್ ಕಟ್ಟುವಾಗ, ಜೀರ್ಣೋದ್ಧಾರ ಅಂತ ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟ್ ಬಳಿಯುವಾಗ ಒಂದು ಕಟ್ಟಡ ಒಂದೇ ದಿನದಲ್ಲಿ ಬದಲಾಗಿಬಿಡುತ್ತದೆ. ಆಮೇಲೆ ಅದು ಹೇಗಿತ್ತು ಅಂತ ತೋರಿಸಲು ಏನೂ ಉಳಿಯುವುದಿಲ್ಲ.

ಕಿಸೆಯಲ್ಲಿರುವ ಮೊಬೈಲ್ ಸಾಕು, ದೊಡ್ಡ ಕ್ಯಾಮೆರಾ ಬೇಕಿಲ್ಲ. ಏನನ್ನು ನೋಡಬೇಕು, ಹೇಗೆ ತೆಗೆಯಬೇಕು, ಕಥೆಯನ್ನು ಯಾರ ಹತ್ತಿರ ಕೇಳಬೇಕು, ಕಾಯ್ದೆ ಏನು ಹೇಳುತ್ತದೆ ಎಂಬ ಮಾಹಿತಿಯನ್ನು ಇಲ್ಲಿ ಒಂದೇ ಕಡೆ ಕೊಡಲಾಗಿದೆ.

ಸುರಪುರಕ್ಕೂ ಹಳೇ ಫೋಟೊ ಪುಸ್ತಕಕ್ಕೂ ಇರುವ ನಂಟು

ಕರ್ನಾಟಕದ ಹಳೇ ಕಟ್ಟಡಗಳ ಫೋಟೊ ತೆಗೆದು ಪುಸ್ತಕ ಮಾಡುವ ಕೆಲಸ ಇವತ್ತು ನಿನ್ನೆಯದಲ್ಲ. 1866ರಲ್ಲಿ ಲಂಡನ್‌ನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗ್ಗೆ ಒಂದು ದೊಡ್ಡ ಫೋಟೊ ಪುಸ್ತಕ ಬಂತು. ಫೋಟೊ ತೆಗೆದವರು ಡಾ. ಪಿಗೌ, ನೀಲ್ ಮತ್ತು ಕರ್ನಲ್ ಬಿಗ್ಸ್. ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗುಸನ್ ಅವರದು. ಅದಕ್ಕೆ ಇತಿಹಾಸದ ಭಾಗ ಬರೆದವರು ನಮ್ಮವರಿಗೆ ಗೊತ್ತಿರುವ ಹೆಸರೇ: ಸುರಪುರದಲ್ಲಿ ರಾಜಕೀಯ ಏಜೆಂಟ್ ಆಗಿ ಇದ್ದ ಕರ್ನಲ್ ಮೆಡೋಸ್ ಟೇಲರ್.

ಅಂದರೆ ಫೋಟೊ ಒಬ್ಬರದು, ಕಥೆ ಇನ್ನೊಬ್ಬರದು. ಎರಡೂ ಕೂಡಿದಾಗಲೇ ಅದು ದಾಖಲೆ ಆಯಿತು. ಇವತ್ತಿಗೂ ಇದೇ ಮಾತು. ಬರೀ ಚಂದದ ಫೋಟೊ ಸ್ಟೇಟಸ್‌ಗೆ ಹಾಕಿದರೆ 24 ತಾಸಿಗೆ ಮಾಯ. ಅದರ ಜೊತೆ ಊರು, ತಾರೀಕು, ಹೇಳಿದವರ ಮಾತು ಸೇರಿದರೆ ನೂರು ವರ್ಷ ಉಳಿಯುತ್ತದೆ.

ಯಾದಗಿರಿ: ಕೋಟೆ ಮತ್ತು ರೈಲು

ಊರಿನ ತಲೆಯ ಮೇಲೆಯೇ ನಿಂತಿರುವ ಬೆಟ್ಟದ ಕೋಟೆ ಮೊದಲನೇದು. ಚಾಲುಕ್ಯರಿಂದ ಹಿಡಿದು ಬಹಮನಿ, ಆದಿಲ್‌ಶಾಹಿ, ನಿಜಾಮರ ತನಕ ಬೇರೆ ಬೇರೆ ಆಳ್ವಿಕೆ ಕಂಡ ಜಾಗ ಇದು. ಮೇಲೆ ಗುಡಿ ಇದೆ, ಮಸೀದಿ ಇದೆ, ನೀರಿನ ಹೊಂಡಗಳಿವೆ, ತೋಪುಗಳಿವೆ, ಬಂಡೆಯಲ್ಲಿ ಕೆತ್ತಿದ ಜೈನ ತೀರ್ಥಂಕರರ ಮೂರ್ತಿಗಳಿವೆ. ಒಂದೇ ಬೆಟ್ಟದಲ್ಲಿ ಇಷ್ಟು ಧರ್ಮ, ಇಷ್ಟು ಕಾಲ ಸೇರಿರುವುದೇ ಇಲ್ಲಿನ ಕಥೆ. ಹೀಗಾಗಿ ಬರೀ ಬುರುಜಿನ ಮೇಲೆ ನಿಂತು ಸೆಲ್ಫಿ ತೆಗೆದು ಇಳಿಯಬೇಡಿ. ಗೋಡೆಯ ಕಲ್ಲುಗಳನ್ನು ಹತ್ತಿರದಿಂದ ನೋಡ್ರಿ. ಕೋಟೆ ಗೋಡೆಯನ್ನು ಬೇರೆ ಬೇರೆ ಕಾಲದಲ್ಲಿ ದುರಸ್ತಿ ಮಾಡಿದಾಗ ಕಲ್ಲಿನ ಅಳತೆ, ಕೆತ್ತನೆ, ಸುಣ್ಣದ ಗಾರೆ ಬದಲಾಗುತ್ತದೆ. ಆ ಬದಲಾವಣೆಯ ಗೆರೆಯೇ ಒಂದು ಒಳ್ಳೆ ಫೋಟೊ.

ಬೆಟ್ಟದ ಮೇಲಿನಿಂದ ಕೆಳಗಿನ ಊರಿನ ಫೋಟೊವನ್ನೂ ತೆಗೆದಿಡಿ. ಪ್ರತಿ ವರ್ಷ ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ ಒಂದು ಫೋಟೊ ತೆಗೆದರೆ ಹತ್ತು ವರ್ಷದಲ್ಲಿ ಊರು ಬೆಳೆದ ರೀತಿ ಕಣ್ಣಿಗೆ ಕಟ್ಟುತ್ತದೆ. 2009ರ ಕೊನೆಗೆ ಕಲಬುರಗಿಯಿಂದ ಬೇರ್ಪಟ್ಟು ಹೊಸ ಜಿಲ್ಲೆ ಆದ ಮೇಲೆ ಯಾದಗಿರಿ ಎಷ್ಟು ಬದಲಾಗಿದೆ ಅಂತ ಹಿರಿಯರಿಗೆ ಗೊತ್ತು. ಹಳೇ ಯಾದಗಿರಿಯ ಫೋಟೊ ಯಾರ ಮನೆಯಲ್ಲಿ ಎಷ್ಟಿವೆ ಅಂತ ಕೇಳಿದರೆ ಉತ್ತರ ಕಷ್ಟ.

ಎರಡನೇದು ರೈಲು. 1871ರಲ್ಲಿ ಸೋಲಾಪುರದಿಂದ ರಾಯಚೂರಿನ ತನಕದ ಹಳಿ ಮುಗಿದು ಮುಂಬೈ ಮತ್ತು ಮದ್ರಾಸ್ ಒಂದಕ್ಕೊಂದು ಜೋಡಣೆಯಾದವು. ಯಾದಗಿರಿ ಬಿದ್ದಿದ್ದು ಇದೇ ಹಾದಿಯಲ್ಲಿ. ಬೆಟ್ಟದ ಕೋಟೆ ಕಾವಲಿಗೆ, ಸ್ಟೇಷನ್ ವ್ಯಾಪಾರಕ್ಕೆ ಎಂಬಂತೆ ಊರಿನ ಮುಖವೇ ತಿರುಗಿತು. ಸ್ಟೇಷನ್ ಕಡೆಯ ಹಳೇ ಗೋದಾಮು, ಅಂಗಡಿಗಳ ಫೋಟೊ ತೆಗೆಯುವಾಗ ಇದು ನೆನಪಿರಲಿ.

ಶಹಾಪುರ: ಬುದ್ಧ ಮಲಗಿದ ಬೆಟ್ಟದಿಂದ ಗೋಗಿಯ ತನಕ

ಶಹಾಪುರ ಅಂದರೆ ಎಲ್ಲರೂ ತೆಗೆಯುವ ಫೋಟೊ ಬುದ್ಧ ಮಲಗಿದ ಬೆಟ್ಟದ್ದು. ಇದು ಯಾರೂ ಕೆತ್ತಿದ್ದಲ್ಲ, ನೈಸರ್ಗಿಕ ಬೆಟ್ಟಸಾಲು. ದೂರದ ರಸ್ತೆಯಿಂದ, ಸರಿಯಾದ ಕೋನದಲ್ಲಿ ಮಾತ್ರ ಮಲಗಿದ ಆಕಾರ ಕಾಣುತ್ತದೆ. ಹತ್ತಿರ ಹೋದರೆ ಬರೀ ಬಂಡೆ. ಮೊಬೈಲ್‌ನಲ್ಲಿ ಜೂಮ್ ಮಾಡದೆ ತೆಗೆದು, ಆಮೇಲೆ ಕತ್ತರಿಸಿಕೊಂಡರೆ ಚೆನ್ನ.

ಊರ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಬಂಡೆಗಳಿವೆ. ಬೃಹತ್ ಶಿಲಾಯುಗದ ಈ ನೆಲೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಟೇಲರ್ 1850ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದ. ನೆಲದಲ್ಲಿ ನಿಂತು ತೆಗೆದರೆ ಸುಮ್ಮನೆ ಬಿದ್ದ ಕಲ್ಲಿನಂತೆ ಕಾಣುತ್ತವೆ. ಬೆಳಿಗ್ಗೆ ಅಥವಾ ಸಂಜೆ ನೆರಳು ಉದ್ದ ಬಿದ್ದಾಗ, ಸಾಲಿನ ಒಂದು ತುದಿಯಲ್ಲಿ ನಿಂತು ಸಾಲಿನ ಉದ್ದಕ್ಕೂ ತೆಗೆದರೆ ಮನುಷ್ಯನ ಕೈ ಕೆಲಸ ಅಂತ ಗೊತ್ತಾಗುತ್ತದೆ.

ಈಗ ಗೋಗಿಗೆ ಬರೋಣ. ವಿಜಯಪುರದ ಗೋಳಗುಮ್ಮಟ ನೋಡಲು ದೇಶದ ಎಲ್ಲಾ ಕಡೆಯಿಂದ ಜನ ಬರುತ್ತಾರೆ. ಅದು 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಆದರೆ ಆ ಮನೆತನವನ್ನು ಕಟ್ಟಿದ ಯೂಸುಫ್ ಆದಿಲ್ ಶಾಹ 1510ರಲ್ಲಿ ತೀರಿಕೊಂಡಾಗ ಮಣ್ಣಾಗಿದ್ದು ನಮ್ಮ ಗೋಗಿಯಲ್ಲಿ, ತಾನು ನಂಬಿದ್ದ ಸೂಫಿ ಸಂತ ಚಂದಾ ಹುಸೇನಿ ದರ್ಗಾದ ಆಸರೆಯಲ್ಲಿ. ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ ಕೂಡ ಇಲ್ಲೇ. ಗುಮ್ಮಟದ ಆಡಂಬರ ಇಲ್ಲದ ಸಾದಾ ಗೋರಿಗಳು. ಒಂದು ರಾಜ್ಯ ಶುರುವಾದಾಗ ಹೇಗಿತ್ತು, ಉಚ್ಛ್ರಾಯದಲ್ಲಿ ಹೇಗಿತ್ತು ಅಂತ ತಿಳಿಯಲು ಗೋಗಿ ಮತ್ತು ಗೋಳಗುಮ್ಮಟದ ಫೋಟೊ ಪಕ್ಕಪಕ್ಕ ಇಟ್ಟರೆ ಸಾಕು, ಬೇರೆ ವಿವರಣೆ ಬೇಡ. ಪಕ್ಕದ ಸಗರದಲ್ಲಿ ಸೂಫಿ ಸರ್‌ಮಸ್ತ್ ದರ್ಗಾ ಇದೆ. ಶಿರವಾಳದ ಹಳೇ ಗುಡಿಗಳ ಗುಂಪೂ ಇದೇ ತಾಲೂಕಿನಲ್ಲಿದೆ.

ಸುರಪುರ: ಒಂದು ಬಂಗಲೆ, ಎರಡು ಕಥೆ

ಸುರಪುರದ ನಾಯಕರ ಕಥೆ ಶುರುವಾಗುವುದು ವಾಗಣಗೇರಾದಿಂದ. ಮೊಘಲ್ ದೊರೆ ಔರಂಗಜೇಬ್ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ 1705ರ ಈ ವಾಗಣಗೇರಾ ಮುತ್ತಿಗೆ. ಎದುರಿಗೆ ಇದ್ದವರು ಬೇಡ ನಾಯಕರ ಪಡೆ. ಸುಮಾರು ಮೂರು ತಿಂಗಳು ಹಿಡಿದ ಆ ಕೋಟೆ ಕೊನೆಗೆ ಸಿಕ್ಕಾಗ ಪಿಡ್ಡ ನಾಯಕ ಒಳಗೆ ಇರಲಿಲ್ಲ, ತಪ್ಪಿಸಿಕೊಂಡಿದ್ದ. ಎರಡು ವರ್ಷಕ್ಕೆ ಔರಂಗಜೇಬ್ ತೀರಿಕೊಂಡ. ನಾಯಕರ ಆಳ್ವಿಕೆ ಮಾತ್ರ ಸುರಪುರದ ಬೆಟ್ಟಗಳ ನಡುವೆ ಇನ್ನೂ ಒಂದೂವರೆ ಶತಮಾನ ನಡೆಯಿತು. ವಾಗಣಗೇರಾದ ಮುರಿದ ಗೋಡೆಗಳನ್ನು ನೋಡುವಾಗ ಈ ಲೆಕ್ಕ ಮನಸ್ಸಿನಲ್ಲಿ ಇರಲಿ.

ಊರೊಳಗೆ ವೇಣುಗೋಪಾಲಸ್ವಾಮಿ ಗುಡಿ. ಗೋಕುಲಾಷ್ಟಮಿ ಹೊತ್ತಿನ ಜಾತ್ರೆಯಲ್ಲಿ ದೇವರ ಗಂಬ ಏರುವುದನ್ನು ನೋಡಲು ಸುತ್ತಿನ ಹಳ್ಳಿಗಳೆಲ್ಲ ಸೇರುತ್ತವೆ. ಜಾತ್ರೆ ದಿನ ಜನರ ಫೋಟೊ ಸಿಗುತ್ತದೆ, ಕಟ್ಟಡದ್ದು ಸಿಗುವುದಿಲ್ಲ. ಕಟ್ಟಡಕ್ಕಾಗಿ ಒಂದು ಸಾದಾ ವಾರದ ದಿನ ಬೆಳಿಗ್ಗೆ ಹೋಗ್ರಿ.

ಇನ್ನು ಗುಡ್ಡದ ಮೇಲಿನ ಟೇಲರ್ ಮಂಜಿಲ್. ಮೆಡೋಸ್ ಟೇಲರ್ 1853ರ ವರೆಗೆ ಹೆಚ್ಚುಕಡಿಮೆ ಒಂದು ದಶಕ ಸುರಪುರದಲ್ಲಿದ್ದು, ಸಣ್ಣ ವಯಸ್ಸಿನ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿಕೊಂಡವನು. ಬೋನಾಳ ಕೆರೆಯ ಸುಧಾರಣೆ ಅವನ ಕಾಲದ್ದು. ಬಾಲಕ ರಾಜ ಅವನನ್ನು 'ಅಪ್ಪಾ' ಅಂತ ಕರೆಯುತ್ತಿದ್ದ ಅಂತ ಟೇಲರನ ಆತ್ಮಕಥೆಯಲ್ಲಿದೆ. ಅದು ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಪ್ರಕಟವಾಯಿತು.

ಆ ಬಾಲಕನೇ ಬೆಳೆದು 1858ರ ಫೆಬ್ರುವರಿಯಲ್ಲಿ ಬ್ರಿಟಿಷರ ವಿರುದ್ಧ ನಿಂತ. ಸುರಪುರದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜ ಹೈದರಾಬಾದಿನಲ್ಲಿ ಸೆರೆಸಿಕ್ಕ. ಜೈಲಿನಲ್ಲಿ ಅವನನ್ನು ಮಾತಾಡಿಸಲು ಹೋದವರಲ್ಲಿ ಟೇಲರ್ ಕೂಡ ಒಬ್ಬ. ಶಿಕ್ಷೆ ಕಡಿಮೆಯಾಗಿ ಬೇರೆ ಕಡೆ ಸಾಗಿಸುವ ಹಾದಿಯಲ್ಲಿ, ಅದೇ ವರ್ಷ ಮೇ ತಿಂಗಳಲ್ಲಿ, ರಾಜ ಗುಂಡೇಟಿನಿಂದ ತೀರಿಕೊಂಡ. ತಾನೇ ಹೊಡೆದುಕೊಂಡ ಅಂತ ಟೇಲರ್ ಬರೆದಿದ್ದಾನೆ. ಇಲ್ಲ, ಕೊಂದರು ಅಂತ ಹೇಳುವವರು ಇದ್ದಾರೆ. 1860ರಲ್ಲಿ ಸಂಸ್ಥಾನ ನಿಜಾಮರ ಕೈ ಸೇರಿತು.

ಈಗ ಆ ಬಂಗಲೆಯ ಫೋಟೊಗೆ ಏನು ಬರೆಯುತ್ತೀರಿ? 'ಬ್ರಿಟಿಷ್ ಅಧಿಕಾರಿಯ ಚಂದದ ಬಂಗಲೆ' ಅಂತ ಬರೆದರೆ ಅರ್ಧ ಕಥೆ. 'ಗುಲಾಮಗಿರಿಯ ಗುರುತು' ಅಂತ ಬರೆದರೂ ಅರ್ಧವೇ. ಬಂಗಲೆಯ ಫೋಟೊ ಜೊತೆ ಅರಮನೆಯ ಫೋಟೊ ಇಡಿ. ಟೇಲರ್ ಏನು ಬರೆದ, ಊರಿನವರು ಏನು ಹೇಳುತ್ತಾರೆ ಎರಡನ್ನೂ ಬರೆಯಿರಿ. ಓದುವವರು ತೀರ್ಮಾನ ಮಾಡಿಕೊಳ್ಳುತ್ತಾರೆ. ಕಪಟರಾಳ ಕೃಷ್ಣರಾಯರು ಕನ್ನಡದಲ್ಲೇ ಸುರಪುರ ಸಂಸ್ಥಾನದ ಇತಿಹಾಸ ಬರೆದಿದ್ದಾರೆ. ಅದನ್ನೂ ಹುಡುಕಿ ಓದ್ರಿ, ಒಂದು ಕಡೆಯ ಮಾತೇ ಆಗಬಾರದು.

ಸಮಯ ಇದ್ದರೆ ಜೇಡರ ದಾಸಿಮಯ್ಯನ ಊರು ಮುದನೂರು, ಕೃಷ್ಣೆ ದಂಡೆಯ ತಿಂಥಣಿ ಮೌನೇಶ್ವರ, ಈಗ ಹುಣಸಗಿ ತಾಲೂಕಿಗೆ ಸೇರಿದ ರಾಜನಕೋಳೂರಿನ ಕಲ್ಲುಮನೆಗಳು. ಈ ಕಲ್ಲುಮನೆಗಳನ್ನು ಜನ ಮೋರ್ಯರ ಮನೆ ಅಂತಿದ್ದರು ಅಂತ ಟೇಲರ್ ಬರೆದುಕೊಂಡ. ಸಂಶೋಧಕರಿಗೆ ಅವು ಬೃಹತ್ ಶಿಲಾಯುಗದ ಸಮಾಧಿ, ಸ್ಮಾರಕಗಳು. ಜನ ಕರೆಯುವ ಹೆಸರನ್ನು ತಪ್ಪು ಅಂತ ಬಿಡಬೇಡಿ, ಅದನ್ನೂ ಬರೆದಿಡಿ.

ಅಂಗಡಿಕಾರರಿಗೆ: ನಿಮ್ಮ ಬಾಗಿಲ ಮೇಲಿನ ಇಸವಿ ಓದುವುದು ಹೇಗೆ?

ಹಳೇ ಬಜಾರಿನ ಅಂಗಡಿ, ವಾಡೆ, ಬಾವಿ, ಮಸೀದಿ, ಗುಡಿಗಳ ಬಾಗಿಲ ಮೇಲೆ ಕೆಲವು ಕಡೆ ಇಸವಿ ಕೆತ್ತಿರುತ್ತಾರೆ. ನಮ್ಮ ಭಾಗ 1948ರ ತನಕ ನಿಜಾಮರ ಆಳ್ವಿಕೆಯಲ್ಲಿ ಇದ್ದಿದ್ದರಿಂದ ಅದು ಇಂಗ್ಲಿಷ್ ಇಸವಿಯೇ ಆಗಿರಬೇಕು ಅಂತಿಲ್ಲ. ಲೆಕ್ಕ ಹೀಗಿದೆ:

• ಫಸಲಿ: ನಿಜಾಮ್ ಸರ್ಕಾರದ ಲೆಕ್ಕ. 590 ಕೂಡಿಸಿದರೆ ಇಂಗ್ಲಿಷ್ ಇಸವಿ ಬರುತ್ತದೆ. ಉದಾಹರಣೆಗೆ ಫಸಲಿ 1342 ಅಂದರೆ 1932ರ ಅಕ್ಟೋಬರ್‌ನಿಂದ 1933ರ ಅಕ್ಟೋಬರ್ ತನಕ. ಹಳೇ ಪಹಣಿ, ರಸೀದಿಗಳನ್ನು ಓದಲೂ ಇದೇ ಲೆಕ್ಕ.

• ಶಕ: 78 ಕೂಡಿಸಿ. ಶಕ 1680 ಅಂದರೆ 1758-59. ಜೊತೆಗೆ ಸಂವತ್ಸರದ ಹೆಸರಿದ್ದರೆ ಪಂಚಾಂಗ ನೋಡುವವರಿಂದ ತಾಳೆ ನೋಡಿಸಿ.

• ಹಿಜರಿ: ಚಾಂದ್ರಮಾನ ವರ್ಷ ಸಣ್ಣದು, ಹೀಗಾಗಿ ಬರೀ ಕೂಡಿಸಿದರೆ ಆಗಲ್ಲ. ಇಸವಿಯನ್ನು 0.97ರಿಂದ ಗುಣಿಸಿ 622 ಕೂಡಿಸಿ. ಹಿಜರಿ 1300 ಅಂದರೆ ಸುಮಾರು 1883.

ಉರ್ದು ಅಂಕಿ ಇದ್ದರೆ ಗಾಬರಿ ಬೇಡ. ಅಕ್ಷರ ಬಲದಿಂದ ಎಡಕ್ಕೆ ಓದಿದರೂ ಅಂಕಿಯನ್ನು ನಮ್ಮಂತೆ ಎಡದಿಂದ ಬಲಕ್ಕೇ ಓದುತ್ತಾರೆ. ಒಂದು ನೆಟ್ಟಗಿನ ಗೆರೆ, ಸೊನ್ನೆ ಒಂದು ಚುಕ್ಕೆ. ಉಳಿದಿದ್ದನ್ನು ಉರ್ದು ಬಲ್ಲ ನೆರೆಯವರು ಒಂದು ನಿಮಿಷದಲ್ಲಿ ಹೇಳುತ್ತಾರೆ. ಒಂದು ಎಚ್ಚರಿಕೆ: ಬಾಗಿಲ ಮೇಲಿನ ಇಸವಿ ಕಟ್ಟಿದ್ದೂ ಆಗಿರಬಹುದು, ದುರಸ್ತಿ ಮಾಡಿಸಿದ್ದೂ ಆಗಿರಬಹುದು. ಗೋಡೆ, ಬಾಗಿಲು, ಕಾಗದ ಪತ್ರ ಮೂರನ್ನೂ ನೋಡಿ ಹೇಳಬೇಕು.

ಅಂಗಡಿ ಒಡೆದು ಕಟ್ಟುವುದು ನಿಮ್ಮ ಹಕ್ಕು, ಬೇಡ ಅನ್ನುವುದಿಲ್ಲ. ಒಡೆಯುವ ಮುಂಚೆ ಅರ್ಧ ತಾಸು ಕೊಟ್ಟು ಫೋಟೊ ತೆಗೆಸಿಡಿ. ಬಾಗಿಲು, ಕಂಬ, ಇಸವಿಯ ಕಲ್ಲು ಇದ್ದರೆ ಹೊಸ ಕಟ್ಟಡದಲ್ಲಿ ಒಂದು ಮೂಲೆಯಲ್ಲಿ ಕೂಡಿಸಿ. ಇಷ್ಟು ವರ್ಷದಿಂದ ನಡೆಯುತ್ತಿರುವ ಅಂಗಡಿ ಅಂತ ತೋರಿಸುವ ಬೋರ್ಡಿಗಿಂತ ಆ ಕಲ್ಲು ಗಿರಾಕಿಗೆ ಹೆಚ್ಚು ಹೇಳುತ್ತದೆ.

ಫೋಟೊ ತೆಗೆಯುವ ಕ್ರಮ

1. ಹೊತ್ತು: ನಮ್ಮ ಬಿಸಿಲಿಗೆ ಮಧ್ಯಾಹ್ನದ ಫೋಟೊ ಬಿಳಚಿಕೊಳ್ಳುತ್ತದೆ. ಸೂರ್ಯ ಹುಟ್ಟಿದ ಮೇಲಿನ ಎರಡು ತಾಸು, ಮುಳುಗುವ ಮುಂಚಿನ ಎರಡು ತಾಸು ಒಳ್ಳೇದು. ಪೂರ್ವಕ್ಕೆ ಮುಖ ಮಾಡಿದ ಗುಡಿಗೆ ಬೆಳಿಗ್ಗೆ, ಪಶ್ಚಿಮದ ಬಾಗಿಲಿಗೆ ಸಂಜೆ.

2. ನಾಲ್ಕು ಬಗೆ: ದೂರದಿಂದ ಸುತ್ತಲಿನ ಜಾಗ ಸೇರಿ ಒಂದು. ಕಟ್ಟಡದ ಪ್ರತಿ ಮುಖಕ್ಕೆ ಒಂದು. ಒಳಗಡೆ, ಛಾವಣಿ ಸೇರಿ. ಆಮೇಲೆ ಕೆತ್ತನೆ, ಬಾಗಿಲು, ಕೀಲು, ಗಾರೆಯ ಹತ್ತಿರದ ಫೋಟೊ.

3. ನೆಟ್ಟಗೆ ಹಿಡಿಯಿರಿ: ಮೊಬೈಲನ್ನು ಮೇಲಕ್ಕೆ ಓರೆ ಮಾಡಿದರೆ ಗೋಡೆ ಹಿಂದೆ ಬಿದ್ದಂತೆ ಕಾಣುತ್ತದೆ. ಹಿಂದೆ ಸರಿದು ನೆಟ್ಟಗೆ ಹಿಡಿಯಿರಿ. ಗೆರೆ ತೋರಿಸುವ ಗ್ರಿಡ್ ಸೆಟ್ಟಿಂಗ್ ಆನ್ ಇರಲಿ.

4. ಅಳತೆ: ಕೆತ್ತನೆ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಒಂದು ಫೋಟೊ, ಇಡದೆ ಒಂದು ಫೋಟೊ. ಕಲ್ಲು ಎಷ್ಟು ದೊಡ್ಡದು ಅಂತ ನೋಡುವವರಿಗೆ ಗೊತ್ತಾಗಬೇಕು.

5. ಶಾಸನ: ಅಕ್ಷರ ಕಾಣಲಿ ಅಂತ ಚಾಕ್, ಸುಣ್ಣ, ಎಣ್ಣೆ, ಅರಿಶಿನ ಹಚ್ಚಬೇಡಿ, ಕಬ್ಬಿಣದ ಬ್ರಷ್‌ನಿಂದ ಉಜ್ಜಲೇಬೇಡಿ. ಕತ್ತಲಾದ ಮೇಲೆ ಅಥವಾ ನೆರಳು ಮಾಡಿ, ಇನ್ನೊಂದು ಮೊಬೈಲಿನ ಟಾರ್ಚನ್ನು ಕಲ್ಲಿನ ಪಕ್ಕದಿಂದ, ಮೇಲ್ಮೈಗೆ ಸವರಿದಂತೆ ಹಿಡಿಯಿರಿ. ಸವೆದ ಅಕ್ಷರದ ಗುಳಿಯಲ್ಲಿ ನೆರಳು ಬಿದ್ದು ಓದಲು ಬರುತ್ತದೆ. ಎಡ, ಬಲ, ಮೇಲೆ ಅಂತ ಮೂರು ಕಡೆಯಿಂದ ಬೆಳಕು ಕೊಟ್ಟು ಮೂರು ಫೋಟೊ ತೆಗೆಯಿರಿ.

6. ಫಿಲ್ಟರ್ ಬೇಡ: ದಾಖಲೆಯ ಪ್ರತಿ ಹೇಗಿದೆಯೋ ಹಾಗೇ ಇರಲಿ. ಸ್ಟೇಟಸ್‌ಗೆ ಬೇಕಾದರೆ ಬೇರೆ ಪ್ರತಿ ಮಾಡಿಕೊಳ್ಳಿ. ಲೊಕೇಷನ್ ಆನ್ ಮಾಡಿ ತೆಗೆದರೆ ಜಾಗವೂ ಫೋಟೊ ಒಳಗೆ ದಾಖಲಾಗುತ್ತದೆ.

ಕಥೆ ಕೇಳುವ ರೀತಿ

'ಇದರ ಇತಿಹಾಸ ಏನು?' ಅಂತ ಕೇಳಿದರೆ ಹಿರಿಯರು 'ನಮಗೇನು ಗೊತ್ತಪಾ' ಅಂತಾರೆ. ಸಣ್ಣ ಪ್ರಶ್ನೆ ಕೇಳ್ರಿ. ನೀವು ಸಣ್ಣವರಿದ್ದಾಗ ಇಲ್ಲಿ ಏನಿತ್ತು? ಈ ಬಾಗಿಲು ಯಾವಾಗ ಮುಚ್ಚಿದರು? ನೀರು ಎಲ್ಲಿಂದ ತರುತ್ತಿದ್ದಿರಿ? ಸಂತೆ ಎಲ್ಲಿ ಕೂಡುತ್ತಿತ್ತು? ಇದನ್ನು ಕಟ್ಟಿದ ಗವಂಡಿಗಳು ಯಾವ ಊರಿನವರು? ಉತ್ತರ ತಾನೇ ಬರುತ್ತದೆ. ಅನುಮತಿ ಕೇಳಿ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ. ಯಾವಾಗ, ಯಾರ ಹತ್ತಿರ ಕೇಳಿದ್ದು ಅಂತ ಬರೆದಿಡಿ. ಮಾತನ್ನು ಮಾತು ಅಂತ, ಶಾಸನವನ್ನು ಶಾಸನ ಅಂತ ಬೇರೆ ಬೇರೆ ಬರೆಯುವುದು ಮುಖ್ಯ.

ಬರಹದ ಆಧಾರ ಬೇಕಿದ್ದರೆ: ಪಿ.ಬಿ. ದೇಸಾಯಿ ಅವರು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳ ಸಂಪುಟ ತಂದಿದ್ದಾರೆ. ಶಾಸನತಜ್ಞೆ ಹನುಮಾಕ್ಷಿ ಗೋಗಿ ಈ ಭಾಗದ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದಾರೆ. ಇನ್ನು ಗುಲಬರ್ಗಾ ಜಿಲ್ಲೆಯ ಹಳೇ ಗೆಜೆಟಿಯರ್. ಆಗ ಯಾದಗಿರಿ ಅದರಲ್ಲೇ ಇತ್ತು. ನಿಜಾಮ್ ಸರ್ಕಾರದ ಪುರಾತತ್ವ ಇಲಾಖೆ 1914ರಲ್ಲಿ ಗುಲಾಂ ಯಜ್ದಾನಿ ಅವರ ಮುಂದಾಳತ್ವದಲ್ಲಿ ಶುರುವಾಯಿತು, ಅದರ ವಾರ್ಷಿಕ ವರದಿಗಳಲ್ಲೂ ಹುಡುಕಬಹುದು. ಆ ಕಾಲದ ಸರ್ಕಾರಿ ಕಾಗದಗಳು ಹೈದರಾಬಾದಿನ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ.

ಕಾಯ್ದೆ, ಮರ್ಯಾದೆ

• ಕೇಂದ್ರದ 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ, ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ತನಕ ಹೊಸ ಕಟ್ಟಡಕ್ಕೆ ನಿಷೇಧ. ಅದರಾಚೆ 200 ಮೀಟರ್ ತನಕ ಅನುಮತಿ ಬೇಕು. ಮನೆ, ಅಂಗಡಿ ಕಟ್ಟುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ. ರಾಜ್ಯ ರಕ್ಷಿತ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ ಇದೆ.

• ಮೊಬೈಲ್ ಫೋಟೊ ಸಾಮಾನ್ಯವಾಗಿ ಅಡ್ಡಿಯಿಲ್ಲ. ಟ್ರೈಪಾಡ್, ಸಿನಿಮಾ, ಜಾಹೀರಾತು ಶೂಟಿಂಗ್‌ಗೆ ಮೊದಲೇ ಅನುಮತಿ ಬೇಕು. ಡ್ರೋನ್ ಹಾರಿಸಲು 2021ರ ಡ್ರೋನ್ ನಿಯಮಗಳಿವೆ.

• ಗರ್ಭಗುಡಿ, ದರ್ಗಾದ ಒಳಗೆ, ಖಾಸಗಿ ವಾಡೆಯಲ್ಲಿ, ಅರಮನೆಯಲ್ಲಿ ಕೇಳಿಯೇ ತೆಗೆಯಿರಿ. ಬೇಡ ಅಂದರೆ ಬಿಡಿ.

• ಬಿಡಿ ವಿಗ್ರಹ, ಹಳೇ ನಾಣ್ಯ, ಯಾರೂ ಇಲ್ಲದ ಕಡೆಯ ಶಿಲ್ಪದ ಫೋಟೊವನ್ನು ನಕ್ಷೆ ಸಮೇತ ಎಲ್ಲರಿಗೂ ಹಂಚಬೇಡಿ. ನಿಧಿ ಆಸೆಯಲ್ಲಿ ಅಗೆಯುವವರಿಗೆ ದಾರಿ ತೋರಿಸಿದಂತೆ ಆಗುತ್ತದೆ. ಹೊಸದಾಗಿ ಏನಾದರೂ ಕಂಡರೆ ತಹಸೀಲ್ದಾರ್ ಕಚೇರಿಗೆ ತಿಳಿಸಿ.

ತೆಗೆದ ಮೇಲೆ ಎಲ್ಲಿ ಇಡಬೇಕು?

ಫೋಟೊ ಹೆಸರು ಬದಲಾಯಿಸಿ: ಊರು, ಕಟ್ಟಡ, ದಿಕ್ಕು, ತಾರೀಕು. ಎರಡು ಕಡೆ ಪ್ರತಿ ಇಡಿ, ಮೊಬೈಲ್ ಒಡೆದರೂ ಉಳಿಯಬೇಕು. ಎಲ್ಲರಿಗೂ ಸಿಗಲಿ ಅನ್ನುವವರು ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಬಹುದು. ತೆಗೆದವರ ಹೆಸರು ಅಲ್ಲಿ ಉಳಿಯುತ್ತದೆ. ಅಲ್ಲಿ ನಡೆಯುವ ವಿಕಿ ಲವ್ಸ್ ಮಾನ್ಯುಮೆಂಟ್ಸ್ ಎಂಬ ಫೋಟೊ ಸ್ಪರ್ಧೆ 2010ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾಗಿ ಭಾರತಕ್ಕೂ ಬಂದಿದೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಊರ ಶಾಸನಗಳನ್ನೆಲ್ಲ 3ಡಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ನಮ್ಮ ಮೂರು ಊರಿಗೆ ಅಷ್ಟು ದೊಡ್ಡ ಯಂತ್ರ ಬರುವ ತನಕ ಕಾಯಬೇಕಿಲ್ಲ. ಶಾಲೆ ಮೇಷ್ಟ್ರು ಮತ್ತು ಮಕ್ಕಳು ಸೇರಿ ಒಂದು ಓಣಿಯನ್ನು ಹಿಡಿದರೂ ಕೆಲಸ ಶುರುವಾಗುತ್ತದೆ.

ಒಂದೇ ದಿನದಲ್ಲಿ ನೋಡುವವರಿಗೆ: ಬೆಳಿಗ್ಗೆ ಬಿಸಿಲೇರುವ ಮುಂಚೆ ಯಾದಗಿರಿ ಕೋಟೆ, ಅಲ್ಲಿಂದ ಶಹಾಪುರ ಮತ್ತು ಗೋಗಿ, ಸಂಜೆ ಬೆಳಕಿಗೆ ಸುರಪುರದ ಗುಡ್ಡ. ಬೇಸಿಗೆಯಲ್ಲಿ ನೀರು, ಟೋಪಿ ಮರೆಯಬೇಡಿ. ಕೋಟೆಯ ಸಡಿಲ ಗೋಡೆ, ಹೊಂಡದ ಅಂಚಿಗೆ ಫೋಟೊಗಾಗಿ ಹೋಗಬೇಡಿ.

ನಿಮ್ಮ ಓಣಿಯಲ್ಲಿ ಈ ವರ್ಷ ಒಡೆಯಲಿರುವ ಹಳೇ ಕಟ್ಟಡ ಇದ್ದರೆ ಅದರಿಂದಲೇ ಶುರು ಮಾಡ್ರಿ. ಕೋಟೆ ಮುಂದಿನ ವಾರವೂ ಅಲ್ಲೇ ಇರುತ್ತದೆ.